ಮನೆಯ ಪೆಟ್ಟಿಗೆಯ ಹಳೆಯ ನಾಣ್ಯಗಳನ್ನು ಗುರುತಿಸುವುದು ಹೇಗೆ?

ಹಿರಿಯರು ತೀರಿಕೊಂಡ ಮೇಲೆ ತಿಜೋರಿ ತೆರೆದಾಗ ಬಟ್ಟೆಯ ಗಂಟಿನಲ್ಲಿ ಐವತ್ತು ಅರವತ್ತು ಹಳೆಯ ನಾಣ್ಯಗಳು ಸಿಗುವುದು ನಮ್ಮ ಸಮಾಜದ ವ್ಯಾಪಾರಸ್ಥ ಮನೆತನಗಳಲ್ಲಿ ಅಪರೂಪವೇನಲ್ಲ. ದೀಪಾವಳಿಯ ಪೂಜೆಗೆ ಇಟ್ಟವು, ಸಾಲದ ಲೆಕ್ಕಕ್ಕೆ ಬಂದವು, ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಅವನ್ನು ತೂಕಕ್ಕೆ ಹಾಕಿ ಬೆಳ್ಳಿಯ ದರಕ್ಕೆ ಕೊಟ್ಟುಬಿಡುತ್ತಾರೆ. ಒಮ್ಮೆ ಕರಗಿದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ಮೊದಲು ಗುರುತಿಸಬೇಕು, ಪಾಲಿನ ಮಾತು ಆಮೇಲೆ.

ಹುಣಸೆಹಣ್ಣು, ಬೂದಿ, ಪಾತ್ರೆ ಉಜ್ಜುವ ಪುಡಿ ಯಾವುದನ್ನೂ ತಾಗಿಸಬಾರದು. ತಾಮ್ರದ ಮೇಲಿನ ಕಪ್ಪು ಬಣ್ಣ ನಾಣ್ಯಕ್ಕೆ ರಕ್ಷಣೆ. ಉಜ್ಜಿ ಹೊಳೆಯಿಸಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕಡಿಮೆ ಮಾಡುತ್ತಾರೆ. ಅರಿಶಿನ ಕುಂಕುಮ ಅಂಟಿದ್ದರೆ ಬರಿ ನೀರಿನಲ್ಲಿ ಅದ್ದಿ, ಹತ್ತಿಯ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು. ನಂತರ ಒಂದೊಂದನ್ನೂ ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿ, ಎರಡೂ ಮುಖಗಳ ಫೋಟೋ ತೆಗೆದು, ತೂಕವನ್ನು ಪಕ್ಕದಲ್ಲಿ ಬರೆದಿಡಬೇಕು. ಅಂಗಡಿ ನಡೆಸುವವರಿಗೆ ಇದು ಹೊಸ ಕೆಲಸವಲ್ಲ.

ನಮ್ಮ ನಾಡಿನಲ್ಲಿ ಹೆಚ್ಚು ಗೊಂದಲ ಆನೆಯ ಚಿತ್ರದ ತಾಮ್ರದ ನಾಣ್ಯಗಳದು. ಆನೆ ಕಂಡ ಕೂಡಲೇ ಟಿಪ್ಪುವಿನದು ಎನ್ನುತ್ತಾರೆ. ಟಿಪ್ಪುವಿನ ಪೈಸೆಯಲ್ಲಿ ಇನ್ನೊಂದು ಬದಿ ಪಾರ್ಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ, ಶ್ರೀರಂಗಪಟ್ಟಣದ್ದಾದರೆ ‘ಪಟ್ಟನ್’. 1787ರಿಂದ ಅವನು ಬಳಸಿದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿದವರಿಗೆ 1226 ಎಂಬುದು 6221 ಆಗಿ ಕಾಣುತ್ತದೆ. ಆನೆಯ ಮೇಲೆ ಕನ್ನಡದಲ್ಲಿ ‘ಶ್ರೀ’ ಅಥವಾ ‘ಚಾಮುಂಡಿ’ ಎಂದಿದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದು. ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಮಾತೂ ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂಬುದೂ ಸಿಗಬಹುದು. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. ಇನ್ನು ಒಂದು ಕಡೆ ಬರಿ ಕನ್ನಡ ಅಂಕಿ, ಮತ್ತೊಂದು ಕಡೆ ಅಡ್ಡಡ್ಡ ಗೆರೆಗಳ ಚೌಕಳಿ ಇರುವ ಸಣ್ಣ ಕಾಸುಗಳು ಇವೆಲ್ಲಕ್ಕಿಂತ ಹಿಂದಿನ ಮೈಸೂರಿನವು. ಆ ಅಂಕಿ ಬೆಲೆಯಲ್ಲ.

ಚಿನ್ನದಲ್ಲಿ ತೂಕವೇ ಮೊದಲ ಸುಳಿವು. ವರಹ ಸುಮಾರು 3.4 ಗ್ರಾಂ. ಹಣ ಎಂಬುದು ಅದರ ಹತ್ತನೆಯ ಒಂದು ಪಾಲಿನಷ್ಟು, ಬೇಳೆಗಿಂತ ಚಿಕ್ಕದು. ಗುಂಡಿ ಎಂದುಕೊಂಡು ಬಿಸಾಡಿದರೂ ಆಶ್ಚರ್ಯವಿಲ್ಲ. ಶಿವಪಾರ್ವತಿಯರ ಚಿತ್ರದ ಹಿಂದೆ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂದಿದ್ದರೆ ಇಕ್ಕೇರಿ ವರಹ. ಅದೇ ಚಿತ್ರದ ಹಿಂದೆ ಪಾರ್ಸಿಯ ಒಂದೇ ಅಕ್ಷರವಿದ್ದರೆ ಹೈದರಾಲಿಯದು. ಜನ ನಂಬಿದ ನಾಣ್ಯದ ಮುಖವನ್ನು ಬದಲಿಸಲು ಅವನೂ ಹೋಗಲಿಲ್ಲ, ವ್ಯಾಪಾರದ ಬುದ್ಧಿ ಅದು.

ಬೆಳಗಾವಿ ಕಡೆಯ ಮನೆಗಳಲ್ಲಿ ‘ಶ್ರೀ ರಾಜಾ ಶಿವ’, ‘ಛತ್ರಪತಿ’ ಎಂಬ ನಾಗರಿ ಅಕ್ಷರಗಳ ತಾಮ್ರದ ಶಿವರಾಯಿ ಇರಬಹುದು. ರಾಜಸ್ಥಾನ ಮೂಲದ ಕುಟುಂಬಗಳ ಗಂಟಿನಲ್ಲಿ ‘ಚಿತ್ರಕೂಟ ಉದಯಪುರ’ ಎಂದು ಬರೆದ ಬೆಳ್ಳಿ ರೂಪಾಯಿ ಇದ್ದರೆ ಅದು ಮೇವಾಡದ್ದು, ಹಿಂದೆ ‘ದೋಸ್ತಿ ಲಂಧನ್’ ಎಂದಿರುತ್ತದೆ. ಕಚ್ಛಿ ಮನೆಗಳಲ್ಲಿ ಕೋರಿ ಸಿಗುತ್ತದೆ. ಇವು ಮನೆತನ ಎಲ್ಲಿಂದ ಬಂತು, ಯಾರ ಜೊತೆ ವ್ಯವಹಾರ ಮಾಡಿತು ಎಂಬುದಕ್ಕೂ ಸಾಕ್ಷಿ.

ಬ್ರಿಟಿಷ್ ರೂಪಾಯಿಗಳಲ್ಲಿ ಇಸವಿ ಇರುವುದರಿಂದ ಕೆಲಸ ಹಗುರ. ತೂಕ ಒಂದು ತೊಲ, 11.66 ಗ್ರಾಂ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರದು ನಿಕ್ಕಲ್. 1862ರ ರೂಪಾಯಿ ಎಲ್ಲ ಕಡೆ ಕಾಣುತ್ತದೆ, ಏಕೆಂದರೆ ಅದೇ ಇಸವಿಯನ್ನು ಹಲವು ವರ್ಷ ಅಚ್ಚು ಹಾಕಿದರು. 1939ರ ಬೆಳ್ಳಿ ರೂಪಾಯಿ ನಿಜಕ್ಕೂ ಅಪರೂಪ. ಹಾಗೆಂದೇ 1938ರ ಎಂಟನ್ನು ತಿದ್ದಿದ ನಕಲಿಗಳಿವೆ. ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು.

ರಾಮ ಪಟ್ಟಾಭಿಷೇಕ ಅಥವಾ ಹನುಮಂತನ ಚಿತ್ರದ ಜೊತೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ತುಂಡುಗಳನ್ನು ಕಂಪನಿ ಎಂದೂ ಹೊರಡಿಸಿಲ್ಲ. ಇವು ಅಕ್ಕಿಯನ್ನು ಎಳೆಯುತ್ತವೆ, ಕೋಟಿ ಬೆಲೆ ಎಂದು ಹೇಳಿಕೊಂಡು ಬರುವವರು ಮೋಸಗಾರರು. ಭಗವಾನ್ ಮಹಾವೀರರ ಹೆಸರಿನ 5 ರೂಪಾಯಿ ನಾಣ್ಯ 2600ನೇ ಜನ್ಮಕಲ್ಯಾಣಕಕ್ಕೆ ಸರ್ಕಾರ 2001ರಲ್ಲಿ ತಂದದ್ದು. ಗೌರವದಿಂದ ಇಟ್ಟುಕೊಳ್ಳಬೇಕಾದದ್ದೇ, ಆದರೆ ಪುರಾತನವಲ್ಲ. ಹಳೆಯ ನಾಣ್ಯ ಮಾರಿಸಿಕೊಡುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಪಿತ್ರಾರ್ಜಿತ ಪೆಟ್ಟಿಗೆಯ ನಾಣ್ಯ ಬೇರೆ, ಹಳೆಯ ಮನೆ ಕೆಡವುವಾಗ ನೆಲದಲ್ಲೋ ಗೋಡೆಯಲ್ಲೋ ಸಿಕ್ಕಿದ್ದು ಬೇರೆ. ಎರಡನೆಯದು ನಿಧಿ ಕಾಯ್ದೆಗೆ ಒಳಪಡುತ್ತದೆ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಪಾಲು ಎಂದು ಅಂಚೆಯಲ್ಲಿ ಕಳುಹಿಸುವಂತಿಲ್ಲ. ಅವರ ಪಾಲನ್ನು ಹೆಸರು ಬರೆದು ಇಲ್ಲಿಯೇ ಇಟ್ಟಿರಬೇಕು.