6 ಮಿ.ಮೀ. ಪ್ಲೇಟಿನ ಅಂಕಿ ಎಲ್ಲಿರಬೇಕು?

6 ಮಿ.ಮೀ. ದಪ್ಪದ ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್, ಪ್ಲೇಟನ್ನು ಪ್ಲಾಸ್ಮಾ ಯಂತ್ರದಲ್ಲಿ ಕೊಯ್ಯಲು ಕಡಿಮೆಯೆಂದರೂ ಏಳು ಅಂಕಿ ಬೇಕು. ಕರೆಂಟ್ ಎಷ್ಟು ಆಂಪ್ಸ್, ಟಾರ್ಚ್ ಎಷ್ಟು ಎತ್ತರದಲ್ಲಿ ನಿಂತು ತೂತು ಹೊಡೆಯಬೇಕು, ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾವ ಎತ್ತರಕ್ಕೆ ಇಳಿದು ಯಾವ ವೇಗದಲ್ಲಿ ಓಡಬೇಕು, ಆರ್ಕ್ ವೋಲ್ಟೇಜ್ ಎಷ್ಟಿರಬೇಕು, ಕೊಯ್ದ ಸೀಳಿನ ಅಗಲ, ಅಂದರೆ ಕರ್ಫ್, ಎಷ್ಟು. ತೂತು ಹೊಡೆಯುವಾಗ ಟಾರ್ಚ್ ತೀರಾ ಕೆಳಗಿದ್ದರೆ ಕರಗಿದ ಲೋಹ ಮೇಲಕ್ಕೆ ಚಿಮ್ಮಿ ನಾಝಲ್ ಕೆಡುತ್ತದೆ. ವೇಗ ಕಡಿಮೆಯಾದರೆ ಅಡಿಯಂಚಿಗೆ ಕರಗಿ ಗಟ್ಟಿಯಾದ ಲೋಹ, ಅಂದರೆ ಡ್ರಾಸ್, ದಪ್ಪವಾಗಿ ಅಂಟುತ್ತದೆ. ನಿಧಾನವಾಗಿ ಕೊಯ್ದರೆ ಅಂದವಾಗಿ ಬರುತ್ತದೆ ಎಂಬ ಬಡಗಿಯ ತಿಳಿವಳಿಕೆ ಇಲ್ಲಿ ನಡೆಯುವುದಿಲ್ಲ. ಈ ಏಳು ಅಂಕಿಗಳನ್ನು ಎಲ್ಲಿ ಬರೆದಿಡಬೇಕು ಎಂಬುದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಪ್ಲಾಸ್ಮಾ ಟಾರ್ಚಿಗೆ ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಗೇಜ್ ಪೇಟೆಂಟ್ ಪಡೆದದ್ದು 1957ರಲ್ಲಿ. ಮೊದಲಿಗೆ ಉತ್ತರ ಸರಳವಾಗಿತ್ತು: ತಯಾರಕರ ಕೈಪಿಡಿಯಲ್ಲಿದ್ದ ಕಟ್ ಚಾರ್ಟ್, ಅದರ ಪಕ್ಕದಲ್ಲಿ ಆಪರೇಟರ್ ಪೆನ್ಸಿಲಿನಿಂದ ಬರೆದ ತಿದ್ದುಪಡಿ. ನನ್ನ ಮಟ್ಟಿಗೆ ಆ ಪೆನ್ಸಿಲ್ ಗುರುತೇ ಈ ಕ್ಷೇತ್ರದ ಮೊದಲ ಡೇಟಾಬೇಸ್. ಆಪರೇಟರ್ ಕೆಲಸ ಬಿಟ್ಟರೆ ಅವನೊಂದಿಗೆ ಅದೂ ಹೊರಟುಹೋಗುತ್ತಿತ್ತು.

ಕಂಪ್ಯೂಟರ್ ನಿಯಂತ್ರಣ, ಅಂದರೆ ಸಿಎನ್‌ಸಿ, ಬಂದಾಗ ಅಂಕಿಗಳು ಪ್ರೋಗ್ರಾಮಿನೊಳಗೆ ಸೇರಿದವು. ಪ್ರೋಗ್ರಾಂ ಬರೆದುಕೊಡುವ ಶೀಟ್‌ಕ್ಯಾಮ್‌ನಂಥ ಕ್ಯಾಮ್ ತಂತ್ರಾಂಶಗಳು ಮಿಲ್ಲಿಂಗ್‌ನ ಟೂಲ್ ಟೇಬಲ್ಲನ್ನೇ ಪ್ಲಾಸ್ಮಾಕ್ಕೂ ಒಗ್ಗಿಸಿಕೊಂಡವು. ಕಟರ್‌ನ ವ್ಯಾಸ ಇರಬೇಕಾದಲ್ಲಿ ಕರ್ಫ್ ಬಂತು, ಜೊತೆಗೆ ತೂತಿನ ಎತ್ತರ ಮತ್ತು ಕಾಯುವ ಹೊತ್ತು. ಇದು ದೊಡ್ಡ ಅನುಕೂಲವೇ ಸರಿ. ಆದರೆ 45 ಆಂಪ್ಸ್‌ಗೆಂದು ಬರೆದ ಪ್ರೋಗ್ರಾಂ 65 ಆಂಪ್ಸ್ ನಾಝಲ್ ಹಾಕಿದ ದಿನ ಕೆಲಸಕ್ಕೆ ಬರುವುದಿಲ್ಲ. ಒಂದು ವೇಗ ತಿದ್ದಬೇಕೆಂದರೂ ಹಳೆಯ ಫೈಲುಗಳನ್ನೆಲ್ಲ ಮತ್ತೆ ಹೊರತೆಗೆಯಬೇಕು.

ಈ ತೊಡಕನ್ನು ಬಿಡಿಸಿದ ರೀತಿ ಲಿನಕ್ಸ್‌ಸಿಎನ್‌ಸಿ ಎಂಬ ಯಂತ್ರ ನಿಯಂತ್ರಣ ತಂತ್ರಾಂಶದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ನಿಯಂತ್ರಕ ಅದರ ಮೂಲ. ಅದರ ಪ್ಲಾಸ್ಮಾ ಭಾಗವಾದ ಕ್ಯೂಟಿಪ್ಲಾಸ್ಮಾಸಿಯಲ್ಲಿ ಪ್ರತಿ ಮೆಟೀರಿಯಲ್‌ಗೂ ಒಂದು ಸಂಖ್ಯೆ, ಒಂದು ಹೆಸರು. ಅದರ ಕೆಳಗೆ ಎಲ್ಲ ಅಂಕಿಗಳು. ಇವೆಲ್ಲ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯದ ಕಡತದಲ್ಲಿವೆ. ಪ್ರೋಗ್ರಾಂ ಎಂ190 ಆದೇಶದಿಂದ ಸಂಖ್ಯೆಯನ್ನಷ್ಟೇ ಹೇಳಿದರೆ ಸಾಕು. ವೇಗವನ್ನೂ ಕರ್ಫನ್ನೂ ಆ ಕಡತದಿಂದಲೇ ಎತ್ತಿಕೊಳ್ಳುವಂತೆ ಬರೆಯಬಹುದು. ಕಡತದಲ್ಲಿ ಒಂದು ಸಾಲು ತಿದ್ದಿದರೆ ಹಾಗೆ ಬರೆದ ನೂರು ಪ್ರೋಗ್ರಾಂಗಳೂ ಒಟ್ಟಿಗೆ ಸರಿಯಾಗುತ್ತವೆ. ಹಳೆಯ ರೂಢಿಯನ್ನು ಪೂರ್ತಿ ಬಿಡದವರು ಮಾತ್ರ ಎಡವುತ್ತಾರೆ. ಕ್ಯಾಮ್‌ನಲ್ಲಿ ಒಮ್ಮೆ, ನಿಯಂತ್ರಕದಲ್ಲಿ ಇನ್ನೊಮ್ಮೆ ಕರ್ಫ್ ಕಳೆದರೆ ಅಳತೆ ತಪ್ಪುತ್ತದೆ. ತಪ್ಪು ಎಲ್ಲಿದೆಯೆಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಏಳರಲ್ಲಿ ವೋಲ್ಟೇಜಿನ ಸ್ವಭಾವವೇ ಬೇರೆ. ಗಾಳಿ ಅಥವಾ ಆಮ್ಲಜನಕದಲ್ಲಿ ಕೊಯ್ಯುವ ಟಾರ್ಚಿನ ಎಲೆಕ್ಟ್ರೋಡ್ ತುದಿಯಲ್ಲಿ ಹಾಫ್ನಿಯಮ್ ಲೋಹದ ತುಣುಕಿರುತ್ತದೆ. ಪ್ರತಿ ಬಾರಿ ಆರ್ಕ್ ಹೊತ್ತಿದಾಗಲೂ ಅದು ಚೂರುಚೂರೇ ಸವೆದು ಗುಳಿ ಬೀಳುತ್ತದೆ. ಗುಳಿ ಆಳವಾದಷ್ಟೂ ಆರ್ಕ್ ಉದ್ದವಾಗಿ, ಅದೇ ಎತ್ತರದಲ್ಲೂ ವೋಲ್ಟೇಜ್ ಏರುತ್ತದೆ. ವೋಲ್ಟೇಜ್ ನೋಡಿ ಟಾರ್ಚಿನ ಎತ್ತರ ಸರಿಪಡಿಸುವ ನಿಯಂತ್ರಕ ಚಾರ್ಟಿನ ಅಂಕಿಯನ್ನೇ ಹಿಡಿದು ಕೂತರೆ ಆಗ ಟಾರ್ಚನ್ನು ಕೆಳಕ್ಕೆ ಎಳೆಯುತ್ತ ಹೋಗುತ್ತದೆ, ಕೊನೆಗೆ ಪ್ಲೇಟಿಗೆ ತಾಗಿಸಿಬಿಡುತ್ತದೆ. ಅದಕ್ಕೇ ಪ್ರತಿ ಕಟ್‌ನ ಆರಂಭದಲ್ಲಿ, ಸರಿಯಾದ ಎತ್ತರದಲ್ಲಿರುವಾಗಲೇ, ವೋಲ್ಟೇಜನ್ನು ಅಳೆದು ಅದನ್ನೇ ಗುರಿಯಾಗಿ ಹಿಡಿಯುವ ಪದ್ಧತಿ ಬಂತು. ಬರೆದಿಡಬಾರದ ಅಂಕಿಯೂ ಒಂದಿದೆ ಎಂದು ಕಂಡುಕೊಂಡದ್ದು ಈ ಚರಿತ್ರೆಯಲ್ಲಿ ನನಗೆ ತುಂಬ ಮೆಚ್ಚಿಗೆಯಾದ ಘಟ್ಟ.

ದೊಡ್ಡ ತಯಾರಕರು ಬೇರೆ ದಾರಿ ಹಿಡಿದರು. ಹೈಪರ್‌ಥರ್ಮ್‌ನ 2008ರ ಟ್ರೂ ಹೋಲ್ ತಂತ್ರದಲ್ಲಿ ಬೋಲ್ಟ್ ರಂಧ್ರಕ್ಕೇ ಪ್ರತ್ಯೇಕ ಅನಿಲ, ವೇಗ, ಒಳಬರುವ ಹೊರಹೋಗುವ ದಾರಿ. ಒಂದು ಪ್ಲೇಟಿಗೆ ಒಂದು ಸಾಲು ಎಂಬ ಲೆಕ್ಕ ಅಲ್ಲಿಗೆ ಮುರಿಯಿತು. ರಂಧ್ರಕ್ಕೆ ಬೇರೆ ಅಂಕಿ ಬೇಕಾಗುವ ಇದೇ ತೊಂದರೆಗೆ ಕ್ಯೂಟಿಪ್ಲಾಸ್ಮಾಸಿ 32 ಮಿ.ಮೀ.ಗಿಂತ ಚಿಕ್ಕ ರಂಧ್ರಗಳಲ್ಲಿ ವೇಗವನ್ನು ಶೇ 60ಕ್ಕೆ ಇಳಿಸುವ ಸಾದಾ ನಿಯಮ ಇಟ್ಟುಕೊಂಡಿದೆ. ಹೈಪರ್‌ಥರ್ಮ್‌ನದೇ 2017ರ ಎಕ್ಸ್‌ಪಿಆರ್300ರಲ್ಲಿ ನಿಯಂತ್ರಕ ಒಂದು ಪ್ರೊಸೆಸ್ ಸಂಖ್ಯೆ ಕಳಿಸಿದರೆ ಸಾಕು, ಕರೆಂಟ್ ಮತ್ತು ಅನಿಲವನ್ನು ಪವರ್ ಸಪ್ಲೈ ತಾನೇ ಹೊಂದಿಸಿಕೊಳ್ಳುತ್ತದೆ. ಅದರ 2021ರ ಪವರ್‌ಮ್ಯಾಕ್ಸ್ ಸಿಂಕ್‌ನಲ್ಲಿ ನಾಝಲ್, ಎಲೆಕ್ಟ್ರೋಡ್ ಎಲ್ಲ ಸೇರಿದ ಕಾರ್ಟ್ರಿಜ್ ಒಳಗೇ ಆರ್‌ಎಫ್‌ಐಡಿ ಚಿಪ್ ಇದೆ. ಯಾವ ಕಾರ್ಟ್ರಿಜ್ ಕೂತಿದೆ ಎಂಬುದು ಯಂತ್ರಕ್ಕೇ ಗೊತ್ತಾಗುತ್ತದೆ.

ತಪ್ಪು ನಾಝಲ್‌ಗೆ ತಪ್ಪು ಕರೆಂಟ್ ಕೊಡುವ ಅನಾಹುತ ಇದರಿಂದ ತಪ್ಪುತ್ತದೆ, ನಿಜ. ಆದರೂ ತಯಾರಕರ ಅಂಕಿ ಒಣಗಿದ ಸ್ವಚ್ಛ ಗಾಳಿಯನ್ನು ನಂಬಿಕೊಂಡಿರುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನ ಶೆಡ್ಡೊಂದರ ಕಂಪ್ರೆಸರ್ ಎಳೆದುಕೊಳ್ಳುವುದು ಆ ಗಾಳಿಯನ್ನಲ್ಲ. ಡ್ರೈಯರ್ ಸರಿಯಿಲ್ಲದಿದ್ದರೆ ತೇವ ಟಾರ್ಚಿನವರೆಗೂ ಹೋಗಿ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ, ಕಟ್ ಕೆಡುತ್ತದೆ. ಹಾಗಾಗಿ ತಯಾರಕರು ಕೊಟ್ಟ ಸಾಲನ್ನು ತಿದ್ದದೆ ಹಾಗೇ ಬಿಟ್ಟು, ಅದರ ನಕಲಿಗೆ ಬೇರೆ ಸಂಖ್ಯೆ ಕೊಟ್ಟು, ತಿದ್ದುಪಡಿಯನ್ನು ಅಲ್ಲಿ ಮಾಡುವುದೇ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಹೆಸರಿನಲ್ಲೇ ದಪ್ಪ, ಆಂಪ್ಸ್, ತಿಂಗಳು, ತಿದ್ದಿದವರ ಹೆಸರಿನ ಮೊದಲಕ್ಷರ ಇರಲಿ. ಕಡತದ ಒಂದು ಪ್ರತಿ ಯಂತ್ರದಿಂದ ಹೊರಗೆ, ಪೆನ್‌ಡ್ರೈವಿನಲ್ಲಾದರೂ ಇರಲಿ.