ರಾಗ ಇಟಲಿಯದು, ಮಾತು ಲಂಡನ್ನಿನದು

ಕೆಲವು ಹಾಡುಗಳ ವಂಶಾವಳಿ ನಮಗೆ ತಿರುವುಮುರುವಾಗಿ ಸಿಗುತ್ತದೆ. ಮೊದಲು ಮೊಮ್ಮಗನ ಪರಿಚಯ, ಆಮೇಲೆ ಮಗಳದು, ಕಟ್ಟಕಡೆಗೆ ಅಜ್ಜನದು. 'ಯೂ ಡೋಂಟ್ ಹ್ಯಾವ್ ಟು ಸೇ ಯೂ ಲವ್ ಮಿ' ನನ್ನ ಪಾಲಿಗೆ ಹಾಗೇ ಆಯಿತು. ಮುಂಬಯಿಗೆ ಬಂದ ಹೊಸತರಲ್ಲಿ ಅದನ್ನು ಕೇಳಿದ್ದು ಎಲ್ವಿಸ್ ಪ್ರೆಸ್ಲಿಯ ದನಿಯಲ್ಲಿ. ಎಷ್ಟೋ ವರ್ಷಗಳ ಮೇಲೆ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ್ದು ಸಿಕ್ಕಿತು. ಇಟಾಲಿಯನ್ ಮೂಲ ಕಿವಿಗೆ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ.

ಮೂಲದ ಹೆಸರು 'ಇಓ ಕೆ ನೋನ್ ವೀವೊ'. ನೀನಿಲ್ಲದೆ ಬದುಕಲಾರದ ನಾನು ಅಂತ ಅರ್ಥ. ರಾಗ ಹಾಕಿ ಹಾಡಿದವನು ಪಿನೋ ಡೊನಾಜ್ಜೊ. ವೆನಿಸ್ ಪಕ್ಕದ ಬುರಾನೊ ದ್ವೀಪದಲ್ಲಿ 1941ರಲ್ಲಿ ಹುಟ್ಟಿ, ಶಾಸ್ತ್ರೀಯ ಪಿಟೀಲು ಕಲಿತವನು. ಸಾಹಿತ್ಯ ವೀಟೊ ಪಲ್ಲವಿಚೀನಿಯದು. ಹಾಡು ಬೆಳಕಿಗೆ ಬಂದದ್ದು 1965ರ ಸಾನ್ ರೇಮೊ ಗೀತೋತ್ಸವದಲ್ಲಿ. ಆಗ ಅಲ್ಲೊಂದು ಪದ್ಧತಿಯಿತ್ತು. ಸ್ಪರ್ಧೆ ಹಾಡುಗಳದ್ದೇ ಹೊರತು ಗಾಯಕರದ್ದಲ್ಲ, ಹಾಗಾಗಿ ಒಂದೇ ಹಾಡನ್ನು ಇಬ್ಬರು ಬೇರೆಬೇರೆಯಾಗಿ ಹಾಡಬೇಕು. ಡೊನಾಜ್ಜೊ ಜೊತೆಗೆ ಇದನ್ನು ಹಾಡಿದವಳು ಅಮೆರಿಕದ ಜೋಡಿ ಮಿಲ್ಲರ್. ಬಹುಮಾನವೇನೂ ಬರಲಿಲ್ಲ. ಆದರೆ ಹಾಡು ಇಟಲಿಯಲ್ಲಿ ನಂಬರ್ ಒನ್ ಆಯಿತು!

ಅದೇ ಉತ್ಸವಕ್ಕೆ ಲಂಡನ್ನಿನಿಂದ ಡಸ್ಟಿಯೂ ಸ್ಪರ್ಧಿಯಾಗಿ ಹೋಗಿದ್ದಳು. ಡೊನಾಜ್ಜೊನ ಹಾಡು ಕೇಳಿ ಕಣ್ಣೀರು ತಂದುಕೊಂಡಳಂತೆ. ರೆಕಾರ್ಡು ಜೊತೆಗೆ ಊರಿಗೆ ಬಂತು, ಇಂಗ್ಲಿಷ್ ಮಾತು ಮಾತ್ರ ಒಂದು ವರ್ಷವಾದರೂ ಹುಟ್ಟಲಿಲ್ಲ. 1966ರಲ್ಲಿ ಅವಳ ಗೆಳತಿ, ಟೀವಿ ನಿರ್ಮಾಪಕಿ ವಿಕಿ ವಿಕಮ್ ಮತ್ತು ಸಂಗೀತ ತಂಡಗಳ ಮ್ಯಾನೇಜರ್ ಸೈಮನ್ ನೇಪಿಯರ್-ಬೆಲ್ ಆ ಕೆಲಸಕ್ಕೆ ಕೂತರು. ಇಬ್ಬರಿಗೂ ಇಟಾಲಿಯನ್ ಬರುತ್ತಿರಲಿಲ್ಲ. ಒಂದು ರಾತ್ರಿ, ಊಟದ ಮೇಜಿನಿಂದ ಟ್ಯಾಕ್ಸಿಯ ತನಕ, ರಾಗದ ಅಳತೆಗೆ ಮಾತು ಕೂರಿಸಿ ಮುಗಿಸಿದೆವು ಅಂತ ನೇಪಿಯರ್-ಬೆಲ್ ಹೇಳಿಕೊಂಡಿದ್ದಾನೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಟಾಲಿಯನ್ನಿನಲ್ಲಿ ಸಂಜೆ ಹೊತ್ತು ಇಬ್ಬರೇ ಕೂತಿದ್ದಾರೆ. ಅವಳ ಮುಖ ಬಾಡಿದೆ. ಅವನು ಬದಲಾಗುತ್ತಿದ್ದಾನೆ ಅನ್ನುವುದು ಅವಳ ದುಃಖ, ಬಿಟ್ಟು ಹೋಗುತ್ತಾಳೇನೋ ಅನ್ನುವುದು ಅವನ ಭಯ. ನೀನಿಲ್ಲದೆ ಒಂದು ಗಳಿಗೆ ಕಳೆಯಲಾರೆ, ನೀನು ನನ್ನವಳು ಅಂತ ಪಟ್ಟು ಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ಬಿಟ್ಟುಹೋದವನು ಆಗಲೇ ಹೋಗಿಯಾಗಿದೆ. ಬದಲಾದದ್ದು ನೀನು, ನಾನಲ್ಲ ಅನ್ನುತ್ತಾಳೆ. ಆಮೇಲೆ, ಪ್ರೀತಿಯ ಮಾತೂ ಬೇಡ, ಹತ್ತಿರ ಇದ್ದರೆ ಸಾಕು ಅಂತ ಬೇಡಿಕೊಳ್ಳುತ್ತಾಳೆ. ಆಪಾದನೆ ತಲೆಕೆಳಗಾಗಿದೆ, ಹಕ್ಕು ಇದ್ದ ಜಾಗಕ್ಕೆ ಶರಣಾಗತಿ ಬಂದಿದೆ. ಆದರೂ ಕಳೆದುಕೊಳ್ಳುವ ಭಯ ಎರಡರಲ್ಲೂ ಒಂದೇ. ಅರ್ಥ ಗೊತ್ತಿಲ್ಲದ ಇಬ್ಬರಿಗೆ ಅಷ್ಟನ್ನು ರಾಗವೇ ಹೇಳಿಕೊಟ್ಟಿರಬೇಕು.

ಧ್ವನಿಮುದ್ರಣದ ದಿನ ಸ್ಟುಡಿಯೋದ ಬೂತಿನ ಅನುರಣನ ಡಸ್ಟಿಗೆ ಹಿಡಿಸಲಿಲ್ಲ. ಕೊನೆಗೆ ಮೈಕನ್ನು ಮೆಟ್ಟಿಲ ಹತ್ತಿರ ಇಟ್ಟು ಹಾಡಿದಳು. ಆ ದೊಡ್ಡ ದನಿಯ ಹಿಂದೆ ಕೇಳಿಸುವ ಟೊಳ್ಳು ಆ ಮೆಟ್ಟಿಲಿನದು. 1966ರಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಅಮೆರಿಕದಲ್ಲಿ 4ನೇ ಸ್ಥಾನಕ್ಕೂ ಏರಿತು. ಎಲ್ವಿಸ್ ಇದನ್ನು ನ್ಯಾಶ್‌ವಿಲ್‌ನಲ್ಲಿ ಹಾಡಿದ್ದು 1970ರ ಜೂನ್‌ನಲ್ಲಿ. ತಮಾಷೆ ನೋಡಿ, ಹಾಡು ಮತ್ತೆ ಗಂಡಸಿನ ಬಾಯಿಗೆ ಬಂತು. ಆದರೆ ಪಟ್ಟು ಹಿಡಿದವನ ಮಾತು ಅವನಿಗೆ ಸಿಗಲಿಲ್ಲ, ಬೇಡಿಕೊಂಡವಳ ಮಾತೇ ಸಿಕ್ಕಿತು. ಡೊನಾಜ್ಜೊ ಮುಂದೆ 'ಡೋಂಟ್ ಲುಕ್ ನೌ' (1973), 'ಕ್ಯಾರಿ' (1976) ಚಿತ್ರಗಳಿಗೆ ಸಂಗೀತ ಕೊಟ್ಟು ಹೆಸರು ಮಾಡಿದ. ಪಲ್ಲವಿಚೀನಿ ಬರೆದ ಮಾತು ಮಾತ್ರ ಇಂಗ್ಲಿಷ್ ಕೇಳುಗರ ತನಕ ಬರಲೇ ಇಲ್ಲ.

ಪರಭಾಷೆಯ ಊರಿನಲ್ಲಿ ಬೇರುಬಿಟ್ಟ ನಮ್ಮಂಥವರಿಗೆ ಇದು ಸುಮ್ಮನೆ ಓದಿ ಬಿಡುವ ಕಥೆಯಲ್ಲ ಅನಿಸುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ದೇವರನಾಮದ ಧಾಟಿ ಬರುತ್ತದೆ, ಪದದ ಅರ್ಥ ಕೇಳಿದರೆ ಮುಖ ಮುಖ ನೋಡುತ್ತವೆ. ಧಾಟಿಯಾದರೂ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಆ ಸಮಾಧಾನ ಅರ್ಧ ನಿಜ. ಧಾಟಿ ಗಡಿ ದಾಟಬಲ್ಲದು, ಎದೆಯ ನೋವನ್ನೂ ಹೊತ್ತು ತರಬಲ್ಲದು. ಆದರೆ ಬದಲಾದದ್ದು ಯಾರು, ಬೇಡಿಕೊಂಡದ್ದು ಯಾರು ಅನ್ನುವ ಲೆಕ್ಕ ಇರುವುದು ಮಾತಿನಲ್ಲಿ ಮಾತ್ರ. ಮಾತು ಹೋದರೆ ಆ ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ.

ಬಿಡುವಿದ್ದಾಗ ಮೂರನ್ನೂ ಕೇಳಿ. ನನ್ನ ಹಾಗೆ ಮೊಮ್ಮಗನಿಂದ ಬೇಡ, ಅಜ್ಜನಿಂದ ಶುರುಮಾಡಿ.