ಕತ್ತರಿ ಯಾರ ಕೈಯಲ್ಲಿ? ಅಹ್ಮದ್ ಬುವನಾನಿ ಮತ್ತು ಮೊರಾಕೊ ಸಿನಿಮಾದ ನೆನಪು

1907ರ ಆಗಸ್ಟ್ ತಿಂಗಳಲ್ಲಿ ಫ್ರೆಂಚ್ ಯುದ್ಧನೌಕೆಗಳು ಮೊರಾಕೊದ ಕಾಸಾಬ್ಲಾಂಕಾ ಬಂದರಿನ ಮೇಲೆ ಗುಂಡಿನ ಮಳೆಗರೆದವು. ಅದೇ ವರ್ಷ ಫೆಲಿಕ್ಸ್ ಮೆಸ್ಗಿಶ್ ಎಂಬ ಛಾಯಾಗ್ರಾಹಕ ಅಲ್ಲಿನ ಸೇನಾ ಕಾರ್ಯಾಚರಣೆಯನ್ನು ಚಿತ್ರೀಕರಿಸಿದ. ಆ ನಾಡಿಗೆ ಕ್ಯಾಮೆರಾ ಬಂದದ್ದು ಹೆಚ್ಚುಕಡಿಮೆ ತೋಪಿನ ಜೊತೆಯಲ್ಲೇ. ಮುಂದಿನ ಅರ್ಧ ಶತಮಾನ ಮೊರಾಕೊವನ್ನು ತೆರೆಯ ಮೇಲೆ ತೋರಿಸಿದವರು ಬಹುಪಾಲು ಹೊರಗಿನವರು. ಅವರ ಚಿತ್ರಗಳಲ್ಲಿ ಅಲ್ಲಿನ ಜನ ಒಂಟೆ, ಖರ್ಜೂರದ ಮರ, ಕೋಟೆಯ ಗೋಡೆಗಳ ಹಾಗೆ ಹಿನ್ನೆಲೆಯಾಗಿ ಉಳಿದರು. ಕತೆ ನಡೆಯುತ್ತಿದ್ದುದು ಯುರೋಪಿಯನ್ನರ ನಡುವೆ.

1912ರಲ್ಲಿ ಫ್ರಾನ್ಸಿನ ಸಂರಕ್ಷಿತ ರಾಜ್ಯವಾದ ಮೊರಾಕೊ 1956ರಲ್ಲಿ ಸ್ವತಂತ್ರವಾಯಿತು. ಬಾವುಟ ಬದಲಾಯಿತು. ಆದರೆ ಚಿತ್ರಗಳು? ಹೊಸ ದೇಶದ ಕೈಯಲ್ಲಿ ತನ್ನದೇ ಹಿಂದಿನ ಕಾಲದ ದೃಶ್ಯದಾಖಲೆ ಎಂದಿದ್ದದ್ದು ಆಳಿದವರು ತೆಗೆದ ರೀಲುಗಳು ಮಾತ್ರ. ಅಜ್ಜನ ಮುಖ ನೋಡಬೇಕೆಂದರೂ ಅವನನ್ನು ಆಳಲು ಬಂದವನ ಕಣ್ಣಿನಿಂದಲೇ ನೋಡಬೇಕು. ಈ ಇಕ್ಕಟ್ಟನ್ನು ತನ್ನ ಜೀವಮಾನದ ಪ್ರಶ್ನೆಯಾಗಿ ಮಾಡಿಕೊಂಡವನು ಅಹ್ಮದ್ ಬುವನಾನಿ. ಕವಿ, ಕಾದಂಬರಿಕಾರ, ಚಿತ್ರಕಾರ, ಸಂಕಲನಕಾರ, ನಿರ್ದೇಶಕ. ನಿರ್ದೇಶಿಸಿದ ಪೂರ್ಣಪ್ರಮಾಣದ ಕಥಾಚಿತ್ರ ಒಂದೇ ಒಂದು. ಹಾಗಿದ್ದೂ ಮೊರಾಕೊದ ಸಿನಿಮಾ ಚರಿತ್ರೆಯನ್ನು ಅವನನ್ನು ಬಿಟ್ಟು ಹೇಳಲು ಆಗುವುದಿಲ್ಲ.

ಬುವನಾನಿ ಹುಟ್ಟಿದ್ದು 1938ರಲ್ಲಿ, ಕಾಸಾಬ್ಲಾಂಕಾದಲ್ಲಿ. ಸ್ವಾತಂತ್ರ್ಯದ ಹೊಸ್ತಿಲಿನ ಹಿಂಸೆಯ ದಿನಗಳಲ್ಲಿ, ಅವನಿನ್ನೂ ಹದಿಹರೆಯದಲ್ಲಿದ್ದಾಗ, ಪೊಲೀಸ್ ಇಲಾಖೆಯಲ್ಲಿದ್ದ ತಂದೆಯ ಕೊಲೆಯಾಯಿತು. ದೇಶ ಬಿಡುಗಡೆಯ ಸಂಭ್ರಮಕ್ಕೆ ಸಜ್ಜಾಗುತ್ತಿದ್ದ ಹೊತ್ತಿನಲ್ಲಿ ಅವನ ಮನೆಗೆ ಬಂದದ್ದು ಸಾವು. ಚರಿತ್ರೆಯನ್ನು ಜಯಘೋಷವಾಗಿ ಹೇಳಲು ಅವನಿಗೆ ಎಂದೂ ಸಾಧ್ಯವಾಗದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು. ಅರವತ್ತರ ದಶಕದ ಆರಂಭದಲ್ಲಿ ಅವನು ಪ್ಯಾರಿಸ್ಸಿನ ಪ್ರಸಿದ್ಧ ಸಿನಿಮಾ ಶಾಲೆ ಇಡೆಕ್‌ನಲ್ಲಿ ಸಂಕಲನ ಕಲಿತು, 1963ರಲ್ಲಿ ಊರಿಗೆ ಮರಳಿದ.

ಮರಳಿದವನು ಮೊದಲು ಕಿವಿಗೊಟ್ಟದ್ದು ಜಾನಪದಕ್ಕೆ. ಹಾಡುಗಬ್ಬ, ಸಂತೆಯ ಕಥೆಗಾರರು, ಹಳ್ಳಿಗಾಡಿನ ಮೌಖಿಕ ಪರಂಪರೆ ಇವೆಲ್ಲ ಅವನ ಆಸಕ್ತಿಗಳು. ಆಗ, 1966ರಲ್ಲಿ, ಅಬ್ದೆಲ್ಲತೀಫ್ ಲಾಬಿ ಮತ್ತು ಗೆಳೆಯರು 'ಸೂಫ್ಲ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಹೆಸರಿನ ಅರ್ಥ 'ಉಸಿರುಗಳು'. ವಸಾಹತು ಬಿಟ್ಟುಹೋದ ಭಾಷೆಯಲ್ಲೇ ವಸಾಹತಿನ ಮನಸ್ಸನ್ನು ಒಡೆಯುವುದು ಆ ಬಳಗದ ಹಂಬಲ. ಬುವನಾನಿ ಅದರಲ್ಲಿ ಕವಿತೆ ಬರೆದ, ಜನಪದ ಸಾಹಿತ್ಯದ ಅಧ್ಯಯನ ಏಕೆ ಬೇಕೆಂದು ಲೇಖನ ಬರೆದ. ಅವನಿಗೆ ಜಾನಪದ ಪ್ರವಾಸಿಗರಿಗೆ ತೋರಿಸುವ ಕುಣಿತವಾಗಿರಲಿಲ್ಲ. ಬರಹದಲ್ಲಿ ದಾಖಲಾಗದ ಜನರ ಚರಿತ್ರೆ ಉಳಿದಿದ್ದ ಜಾಗ ಅದೊಂದೇ ಎಂಬುದು ಅವನ ನಂಬಿಕೆ.

ಸಿನಿಮಾ ಮಾಡಲು ಇದ್ದ ದಾರಿಯೂ ಒಂದೇ. ಫ್ರೆಂಚರ ಆಡಳಿತದಲ್ಲಿ 1944ರಲ್ಲಿ ಸ್ಥಾಪನೆಯಾಗಿದ್ದ ಮೊರಾಕೊ ಸಿನಿಮಾ ಕೇಂದ್ರ ಸ್ವಾತಂತ್ರ್ಯದ ನಂತರ ಸರಕಾರದ ಕೈಗೆ ಬಂದಿತ್ತು. ಕ್ಯಾಮೆರಾ, ಲ್ಯಾಬು, ಸಂಕಲನದ ಮೇಜು ಎಲ್ಲವೂ ಅಲ್ಲೇ. ವಿದೇಶದಲ್ಲಿ ಕಲಿತು ಬಂದ ತರುಣರು ಅಲ್ಲಿ ನೌಕರರಾಗಿ ವಾರ್ತಾಚಿತ್ರ, ಪ್ರಚಾರಚಿತ್ರಗಳನ್ನು ಮಾಡುತ್ತ, ಸಂದು ಸಿಕ್ಕಾಗ ತಮ್ಮ ಚಿತ್ರ ಮಾಡಬೇಕಿತ್ತು. ಹಾಗೆ ಹುಟ್ಟಿದ್ದು 1968ರ 'ಆರು ಮತ್ತು ಹನ್ನೆರಡು'. ಅಬ್ದೆಲ್ಮಜೀದ್ ರ್ಶಿಶ್ ಮತ್ತು ಮೊಹಮ್ಮದ್ ಅಬ್ದೆರ್ರಹಮಾನ್ ತಾಝಿ ಎಂಬ ಗೆಳೆಯರ ಜೊತೆ ಮಾಡಿದ ಈ ಕಿರುಚಿತ್ರ ಬೆಳಗಿನ ಆರರಿಂದ ಮಧ್ಯಾಹ್ನ ಹನ್ನೆರಡರವರೆಗಿನ ಕಾಸಾಬ್ಲಾಂಕಾವನ್ನು ಹಿಡಿಯುತ್ತದೆ. ಖಾಲಿ ರಸ್ತೆ, ಏರುವ ಬೆಳಕು, ತುಂಬಿಕೊಳ್ಳುವ ಜನ, ವಾಹನಗಳ ಓಟ. ವಿವರಣೆಯ ದನಿಯಿಲ್ಲ. ಹಾಲಿವುಡ್ ಸ್ಟುಡಿಯೊದಲ್ಲಿ ಕಟ್ಟಿ ಜಗತ್ಪ್ರಸಿದ್ಧಗೊಳಿಸಿದ್ದ ಊರಿನ ನಿಜವಾದ ಬೀದಿಗಳನ್ನು ಆ ಊರಿನಲ್ಲಿ ಹುಟ್ಟಿದವನೊಬ್ಬ ನೋಡುತ್ತಿದ್ದ.

ಅಧಿಕಾರಿಗಳಿಗೆ ಅವನ ರಾಜಕೀಯದ ಮೇಲೆ ಗುಮಾನಿಯಿತ್ತು. ನಿರ್ದೇಶನದಿಂದ ದೂರವಿಟ್ಟು ಸಂಕಲನದ ಕೋಣೆಗೆ ಕಳಿಸಿದರು. ಆ ಶಿಕ್ಷೆಯಿಂದ ಲಾಭವಾದದ್ದು ಮೊರಾಕೊ ಸಿನಿಮಾಕ್ಕೆ. ಹಮೀದ್ ಬೆನ್ನಾನಿ ನಿರ್ದೇಶಿಸಿದ 'ವಶ್ಮಾ' (1970) ಆ ದೇಶದ ಹೊಸ ಸಿನಿಮಾದ ಮೈಲಿಗಲ್ಲು ಎಂದು ಹೆಸರಾಗಿದೆ. ಅದನ್ನು ಸಂಕಲಿಸಿದವನು ಬುವನಾನಿ.

ಆ ಕೋಣೆಯಲ್ಲೇ ಅವನಿಗೆ ವಸಾಹತು ಕಾಲದ ರೀಲುಗಳ ಸಂಗ ದೊರೆಯಿತು. ಸಂಕಲನಕಾರನಿಗೆ ಒಂದು ಸತ್ಯ ಗೊತ್ತಿರುತ್ತದೆ: ದೃಶ್ಯಕ್ಕೆ ತನ್ನಷ್ಟಕ್ಕೇ ಅರ್ಥವಿರುವುದಿಲ್ಲ, ಅರ್ಥ ಬರುವುದು ಪಕ್ಕದ ದೃಶ್ಯದಿಂದ, ಅದರ ಮೇಲೆ ಕೂರಿಸಿದ ದನಿಯಿಂದ. ಹಾಗಾದರೆ ಆಳಿದವನು ತೆಗೆದ ಚಿತ್ರವನ್ನು ಬಿಚ್ಚಿ, ಬೇರೆ ಕ್ರಮದಲ್ಲಿ ಜೋಡಿಸಿದರೆ ಅದು ಆಳಿಸಿಕೊಂಡವನ ಮಾತನ್ನು ಆಡಬಹುದಲ್ಲವೇ? 'ಮೆಮ್ವಾರ್ 14' (1971) ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರ. ಅದೇ ಹೆಸರಿನ ತನ್ನ ಕವಿತೆಯನ್ನು ಆಧರಿಸಿ, ವಸಾಹತು ಕಾಲದ ತುಣುಕುಗಳನ್ನು ಹೊಸದಾಗಿ ಹೆಣೆದು ಮಾಡಿದ ಚಿತ್ರವಿದು. ಅಧಿಕಾರಿಗಳ ಹೆಮ್ಮೆಗೆಂದು ಚಿತ್ರಿಸಿದ್ದ ಸೈನಿಕರು, ಯಂತ್ರಗಳು, ಸಮಾರಂಭಗಳು ಇಲ್ಲಿ ಒಂದು ಜನಾಂಗ ಕಳೆದುಕೊಂಡದ್ದರ ಲೆಕ್ಕವಾಗಿ ಎದುರು ನಿಲ್ಲುತ್ತವೆ. ಕವಿಯ ದನಿ ನಿರೂಪಿಸುವುದಕ್ಕಿಂತ ಹೆಚ್ಚಾಗಿ ಶೋಕಿಸುತ್ತದೆ.

ಚಿತ್ರ 108 ನಿಮಿಷವಿತ್ತು. ಸೆನ್ಸಾರಿನವರು ಕತ್ತರಿಸಿ ಕತ್ತರಿಸಿ ಉಳಿಸಿದ್ದು ಸುಮಾರು 24 ನಿಮಿಷ. ಪೂರ್ಣ ರೂಪವನ್ನು ಇಂದು ಯಾರೂ ನೋಡಲಾರರು. ವಸಾಹತಿನ ವಿರುದ್ಧದ ಚಿತ್ರ ಸ್ವತಂತ್ರ ದೇಶಕ್ಕೆ ಏಕೆ ಕಣ್ಣುರಿಯಾಯಿತು? ಕಾಲವನ್ನು ನೋಡಬೇಕು. 1965ರ ಮಾರ್ಚಿನಲ್ಲಿ ಕಾಸಾಬ್ಲಾಂಕಾದ ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಗುಂಡಿನಿಂದ ಅಡಗಿಸಲಾಗಿತ್ತು. 1971 ಮತ್ತು 1972ರಲ್ಲಿ ದೊರೆ ಎರಡನೆಯ ಹಸನ್‌ನ ವಿರುದ್ಧ ಸೇನೆಯೊಳಗಿಂದ ಎರಡು ದಂಗೆಯ ಯತ್ನಗಳಾದವು. 1972ರಲ್ಲಿ ಲಾಬಿಯ ಬಂಧನವಾಯಿತು, 'ಸೂಫ್ಲ್' ನಿಂತುಹೋಯಿತು. ಲಾಬಿ ಹೊರಬಂದದ್ದು 1980ರಲ್ಲಿ. ಮೊರಾಕೊದವರು ಆ ವರ್ಷಗಳನ್ನು 'ಸೀಸದ ವರ್ಷಗಳು' ಎನ್ನುತ್ತಾರೆ. ಅಂಥ ಆಡಳಿತಕ್ಕೆ ಬೇಕಾದದ್ದು ದೊರೆಯಿಂದ ಸ್ವಾತಂತ್ರ್ಯ ಬಂತು ಎಂಬ ನೇರವಾದ ಕತೆ. ಬುವನಾನಿ ಹೇಳುತ್ತಿದ್ದುದು ಸೋತವರ, ಹೆಸರಿಲ್ಲದವರ, ಮರೆತುಹೋದವರ ನೆನಪು. ಅಂಥ ನೆನಪು ಒಮ್ಮೆ ಬಾಯಿ ಬಿಟ್ಟರೆ ಹಿಂದಿನ ಆಳರಸರನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ.

ಅವನ ಏಕೈಕ ಕಥಾಚಿತ್ರ 'ಅಸ್ಸರಾಬ್' ಅಂದರೆ 'ಮರೀಚಿಕೆ' (1979). ಕಪ್ಪುಬಿಳುಪಿನ ಈ ಚಿತ್ರದ ಕಾಲ 1947. ಮೊಹಮ್ಮದ್ ಬೆನ್ ಮೊಹಮ್ಮದ್ ಎಂಬ ಬಡ ರೈತನಿಗೆ ಹಿಟ್ಟಿನ ಚೀಲದೊಳಗೆ ನೋಟಿನ ಕಂತೆ ಸಿಗುತ್ತದೆ. ಹೆಂಡತಿಯನ್ನು ಕರೆದುಕೊಂಡು ಅವನು ಪಟ್ಟಣಕ್ಕೆ ಹೊರಡುತ್ತಾನೆ. ಅಲ್ಲಿ ಗೋಡೆಗಳ ನಡುವಿನ ಓಣಿಗಳಲ್ಲಿ, ವಿದೂಷಕನಂಥ ಅಲಿ ಬೆನ್ ಅಲಿಯ ಒಡನಾಟದಲ್ಲಿ, ಸಿಕ್ಕ ಐಶ್ವರ್ಯ ಕೈಗೂಡದ ಕನಸಾಗುತ್ತ ಹೋಗುತ್ತದೆ. ಮೊಹಮ್ಮದನ ಮಗ ಮೊಹಮ್ಮದ್, ಅಲಿಯ ಮಗ ಅಲಿ: ಹೆಸರುಗಳೇ ಹೇಳುವಂತೆ ಇವರು ಯಾರೂ ಆಗಬಹುದು. ಸುಲ್ತಾನ ಐದನೆಯ ಮೊಹಮ್ಮದ್ ತಾಂಜಿಯರ್‌ನಲ್ಲಿ ತನ್ನ ಐತಿಹಾಸಿಕ ಭಾಷಣ ಮಾಡಿದ್ದೂ 1947ರಲ್ಲೇ. ಶಾಲೆಯ ಪಾಠದಲ್ಲಿ ಆ ವರ್ಷ ಭಾಷಣದ ವರ್ಷ. ಬುವನಾನಿಯಲ್ಲಿ ಅದು ಹಿಟ್ಟಿನ ಚೀಲದ ವರ್ಷ. ದಂತಕತೆಯ ಧಾಟಿಯಲ್ಲಿ ಸಾಗುವ ಈ ಚಿತ್ರದಲ್ಲಿ ಅವನ ಜಾನಪದದ ಓದೂ ಸಂಕಲನಕಾರನ ಕೈಯೂ ಕೂಡಿಕೊಂಡಿವೆ.

ಆಮೇಲೆ ಬರಹವೇ ಹೆಚ್ಚಾಯಿತು. 'ಲೆ ಪೆರ್ಸಿಯೆನ್' ಎಂಬ ಕವಿತಾ ಸಂಕಲನ 1980ರಲ್ಲಿ, 'ಆಸ್ಪತ್ರೆ' ಎಂಬ ಕಾದಂಬರಿ 1990ರಲ್ಲಿ ಪ್ರಕಟವಾದವು. ಕ್ಷಯದಿಂದ ಆಸ್ಪತ್ರೆ ಸೇರಿದ್ದ ಅನುಭವದ ಬುಡದಿಂದ ಹುಟ್ಟಿದ ಆ ಕಾದಂಬರಿಯಲ್ಲಿ ರೋಗಿಗಳು ಹೊರಜಗತ್ತನ್ನೂ ತಮ್ಮ ಹಿಂದಿನ ಬದುಕನ್ನೂ ಮರೆಯುತ್ತಾ ಹೋಗುತ್ತಾರೆ. ಬರೆದುದರಲ್ಲಿ ಬಹಳಷ್ಟನ್ನು ಅವನು ಪ್ರಕಟಿಸಲೇ ಇಲ್ಲ. ಕೊನೆಯ ವರ್ಷಗಳನ್ನು ದೆಮ್ನಾತ್ ಬಳಿಯ ಬೆಟ್ಟದ ಹಳ್ಳಿಯಲ್ಲಿ ಕಳೆದ. 2006ರಲ್ಲಿ ರಬಾತ್‌ನ ಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಗಳು ಅಪಾಯಕ್ಕೆ ಸಿಕ್ಕವು. 2011ರಲ್ಲಿ ಅವನು ತೀರಿಕೊಂಡಾಗ ಹೊರಜಗತ್ತಿಗೆ ಅವನ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ.

ಉಳಿದುದನ್ನು ಕಾಪಾಡಿದವಳು ಮಗಳು, ಕಲಾವಿದೆ ತೂದಾ ಬುವನಾನಿ. ಅವನ ಸಾವಿನ ಮರುವರ್ಷವೇ 'ಆಸ್ಪತ್ರೆ' ಮರುಮುದ್ರಣಗೊಂಡಿತು. 2018ರಲ್ಲಿ ಇಂಗ್ಲಿಷಿಗೂ ಬಂತು. ಅಲಿ ಎಸ್ಸಾಫಿ ಅವನ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ. 2020ರಲ್ಲಿ ಅವನ 'ಏಳನೆಯ ಬಾಗಿಲು' ಪ್ರಕಟವಾಯಿತು. ಅದು 1907ರಿಂದ 1986ರವರೆಗಿನ ಮೊರಾಕೊ ಸಿನಿಮಾದ ಚರಿತ್ರೆ. ಚರಿತ್ರೆಯ ಆರಂಭಕ್ಕೆ ಅವನು ಆರಿಸಿಕೊಂಡ ವರ್ಷ, ಕ್ಯಾಮೆರಾ ತೋಪಿನೊಡನೆ ಬಂದ ವರ್ಷ.

ವಸಾಹತಿನಿಂದ ಹೊರಬಂದ ನಾಡುಗಳು ತಮ್ಮ ಚರಿತ್ರೆಯನ್ನು ತಾವೇ ಬರೆಯಬೇಕು ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಆ 'ತಾವು' ಯಾರು ಎಂಬಲ್ಲಿ ಮಾತು ಬಿಗಿಯುತ್ತದೆ. ಪರಕೀಯನ ಕೈಯಿಂದ ಕತ್ತರಿ ಕಿತ್ತುಕೊಂಡ ಪ್ರಭುತ್ವ ಅದನ್ನು ಕೆಳಗಿಡಲಿಲ್ಲ, ತನ್ನ ಕೈಯಲ್ಲೇ ಇಟ್ಟುಕೊಂಡಿತು. ಬುವನಾನಿಯ ಕೈಯಲ್ಲೂ ಕತ್ತರಿಯಿತ್ತು. ಅವನು ಅದನ್ನು ಬಳಸಿದ್ದು ಜೋಡಿಸುವುದಕ್ಕೆ. ಉಳಿದಿರುವ ಆ 24 ನಿಮಿಷಗಳನ್ನು ನೋಡುವಾಗ ತೆರೆಯ ಮೇಲಿರುವುದರ ಜೊತೆಗೆ ಇಲ್ಲದ 84 ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊರಾಕೊದ ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ಅವೂ ಸೇರಿವೆ.